ವಿಶೇಷಣ ಎಲ್ಲಿಯವರೆಗೆ ಚಾಚುತ್ತದೆ?

'ಓಲ್ಡ್ ಮೆನ್ ಅಂಡ್ ವಿಮೆನ್' ಎಂದಾಗ ಹೆಂಗಸರಿಗೂ ವಯಸ್ಸಾಗಿದೆಯೆ? ಎರಡನೆಯ 'ಓಲ್ಡ್' ಲೋಪವಾಗಿದೆ, ಓದುವವರೇ ತುಂಬಿಕೊಳ್ಳಬೇಕು ಎಂಬ ವಿವರಣೆ ಬಹಳ ಕಡೆ ಸಿಗುತ್ತದೆ. ಅದು ನಿಲ್ಲುವುದಿಲ್ಲ. 'ಎ ಮಿಸ್‌ಮ್ಯಾಚ್ಡ್ ಹಸ್ಬೆಂಡ್ ಅಂಡ್ ವೈಫ್' ನೋಡಿ. ಜೋಡಿಯಾಗದ ಗಂಡ, ಜೋಡಿಯಾಗದ ಹೆಂಡತಿ ಎಂದು ಬಿಡಿಸಿದರೆ ಅರ್ಥವೇ ಕೆಡುತ್ತದೆ. ವಿಶೇಷಣ ಇಬ್ಬರನ್ನೂ ಒಟ್ಟಿಗೆ ಹಿಡಿದಿದೆ. ಅಲ್ಲಿ ಯಾವ ಪದವೂ ಬಿಟ್ಟುಹೋಗಿಲ್ಲ.

ಇದು ಶಾಲೆಯ ಬೀಜಗಣಿತದ ಆವರಣದ ಲೆಕ್ಕ. 2(ಅ+ಬ) ಬೇರೆ, 2ಅ+ಬ ಬೇರೆ. ಇಂಗ್ಲಿಷ್ ಆವರಣವನ್ನು ಬರೆದು ತೋರಿಸುವುದಿಲ್ಲ, ಸುಳಿವು ಮಾತ್ರ ಬಿಡುತ್ತದೆ. 'ದಿ ಓಲ್ಡ್ ಮೆನ್ ಅಂಡ್ ದಿ ವಿಮೆನ್' ಎಂದರೆ ಗೊಂದಲ ಮುಗಿಯಿತು: ಎರಡನೆಯ 'ದಿ' ಹೊಸ ನಾಮಪದಗುಚ್ಛವನ್ನು ತೆರೆಯುತ್ತದೆ, ಮೊದಲ ಗುಚ್ಛದೊಳಗಿನ 'ಓಲ್ಡ್' ಆ ಗಡಿ ದಾಟಲಾರದು. 'ವಿಮೆನ್ ಅಂಡ್ ಓಲ್ಡ್ ಮೆನ್' ಎಂದು ಕ್ರಮ ತಿರುಗಿಸಿದರೂ ಸಾಕು, ವಿಶೇಷಣ ಹಿಂದಕ್ಕೆ ಹೋಗದು. 'ಪ್ರೆಗ್ನೆಂಟ್ ವಿಮೆನ್ ಅಂಡ್ ಚಿಲ್ಡ್ರನ್' ಎಂಬಲ್ಲಿ ವ್ಯಾಕರಣ ಎರಡೂ ದಾರಿ ಬಿಟ್ಟಿದ್ದರೂ ಲೋಕಜ್ಞಾನ ಒಂದನ್ನು ಮುಚ್ಚುತ್ತದೆ.

ವಿಶೇಷಣ ಕೊನೆಯಲ್ಲಿ ಬಂದಾಗ ಕಷ್ಟ ಹೆಚ್ಚು, ಅದರ ಮೇಲೆ ಜೈಲುವಾಸವೂ ನಿಂತಿರಬಹುದು. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದಿದ್ದ ಲಾಕ್‌ಹಾರ್ಟ್ ಪ್ರಕರಣದಲ್ಲಿ ಕಾನೂನು, ಹಳೆಯ ಅಪರಾಧವಿದ್ದವರಿಗೆ ಶಿಕ್ಷೆ ಹೆಚ್ಚಿಸಲು, ಮೂರು ಬಗೆಯ ಲೈಂಗಿಕ ಅಪರಾಧಗಳನ್ನು ಸಾಲಾಗಿ ಹೇಳಿ, ಕೊನೆಗೆ 'ಇನ್ವಾಲ್ವಿಂಗ್ ಎ ಮೈನರ್ ಆರ್ ವಾರ್ಡ್' (ಅಪ್ರಾಪ್ತರು ಅಥವಾ ಮತ್ತೊಬ್ಬರ ರಕ್ಷಣೆಯಲ್ಲಿರುವವರನ್ನು ಒಳಗೊಂಡ) ಎಂದು ಸೇರಿಸಿತ್ತು. ಆರೋಪಿಯ ಹಳೆಯ ಅಪರಾಧ ವಯಸ್ಕ ಮಹಿಳೆಯ ಮೇಲಿನದು. ಆ ತುಣುಕು ಮೂರಕ್ಕೂ ಅನ್ವಯಿಸಿದರೆ 10 ವರ್ಷದ ಕಡ್ಡಾಯ ಕನಿಷ್ಠ ಶಿಕ್ಷೆ ಅವನಿಗಿಲ್ಲ. ಹತ್ತಿರದ ಪದಕ್ಕಷ್ಟೇ ಅನ್ವಯ ಎಂದು ನ್ಯಾಯಮೂರ್ತಿ ಸೋಟೊಮೇಯರ್ ಬರೆದ 6–2ರ ತೀರ್ಪು ಹೇಳಿತು. ಸಾಲಿಗೆಲ್ಲ ಅಂಟುವುದೇ ಸಹಜ ಓದು ಎಂದು ನ್ಯಾಯಮೂರ್ತಿ ಕೇಗನ್ ಭಿನ್ನಮತ ಬರೆದರು.

ಹಾಗಾದರೆ ಹತ್ತಿರದ ಪದವೇ ನಿಯಮವೆ? ಖಂಡಿತ ಅಲ್ಲ. 2021ರ ಫೇಸ್‌ಬುಕ್–ಡುಗಿಡ್ ಪ್ರಕರಣದಲ್ಲಿ 'ಸ್ಟೋರ್ ಆರ್ ಪ್ರೊಡ್ಯೂಸ್' (ಸಂಗ್ರಹಿಸು ಅಥವಾ ಉತ್ಪಾದಿಸು) ಎಂಬ ಎರಡು ಕ್ರಿಯೆಗಳ ನಂತರ ಬಂದ 'ಯೂಸಿಂಗ್…' (ಇಂಥದನ್ನು ಬಳಸಿ) ಎಂಬ ತುಣುಕು ಎರಡಕ್ಕೂ ಸಲ್ಲುತ್ತದೆ ಎಂದು ಅದೇ ಸೋಟೊಮೇಯರ್ ಬರೆದರು. ಆ ತುಣುಕಿಗೆ ಮುನ್ನ ಒಂದು ಅಲ್ಪವಿರಾಮವಿತ್ತು. ಲೆಕ್ಕಕ್ಕೆ ಬಂದ ಕಾರಣಗಳಲ್ಲಿ ಅದೂ ಒಂದು.

ಕನ್ನಡದಲ್ಲಿ ವಿಶೇಷಣ ನಾಮಪದಕ್ಕಿಂತ ಮೊದಲೇ ಬರುವುದರಿಂದ ಇಂಥ ಇಂಗ್ಲಿಷ್ ಕಾನೂನನ್ನು ಅನುವಾದಿಸುವವರು ತೀರ್ಮಾನವನ್ನು ತಾವೇ ಮಾಡಬೇಕಾಗುತ್ತದೆ. 'ಅಪ್ರಾಪ್ತರ ಮೇಲಿನ' ಎಂಬುದನ್ನು ಸಾಲಿನ ತಲೆಯಲ್ಲಿ ಇಟ್ಟರೆ ಕೇಗನ್ ಓದು ಗೆಲ್ಲುತ್ತದೆ, ಮೂರನೆಯ ಅಪರಾಧಕ್ಕೆ ಅಂಟಿಸಿದರೆ ಸೋಟೊಮೇಯರ್ ಓದು.