ಸಾಂಕ್ರಾಮಿಕದ ನಡುವೆ ಹೃದಯಾಘಾತ: ತಡವಾಗಿದ್ದು ಎಲ್ಲಿ?

‘ಡೋರ್ ಟು ಬಲೂನ್ 90 ನಿಮಿಷ’ ಎಂದು ವೈದ್ಯಕೀಯ ಓದುವ ನಾವೆಲ್ಲ ಉರು ಹೊಡೆದಿರುತ್ತೇವೆ. ರೋಗಿ ಆಸ್ಪತ್ರೆ ಬಾಗಿಲು ದಾಟಿದಾಗಿನಿಂದ ಹೃದಯದ ಮುಚ್ಚಿದ ರಕ್ತನಾಳವನ್ನು ಪುಟ್ಟ ಬಲೂನ್ ಉಬ್ಬಿಸಿ ತೆರೆಯುವವರೆಗಿನ ಸಮಯ ಅದು. ಹೃದಯದ ಸ್ನಾಯುವಿಗೆ ಬಾಗಿಲಿನ ಲೆಕ್ಕವೆಲ್ಲಿ ಗೊತ್ತು? ನಾಳ ಪೂರ್ತಿ ಮುಚ್ಚಿದ ಅರ್ಧ ಗಂಟೆಯೊಳಗೇ ಅದು ಸಾಯತೊಡಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ರಾತ್ರಿ 2ಕ್ಕೆ ಎದೆ ಹಿಂಡಿದ ನೋವು, ಮೈಯೆಲ್ಲ ಬೆವರು. ‘ಗ್ಯಾಸ್ ಇರಬೇಕು, ಈಗ ಆಸ್ಪತ್ರೆಗೆ ಹೋದರೆ ಕೋವಿಡ್ ಅಂಟಿಕೊಂಡೀತು’ ಎಂದು ರೋಗಿ ಕಾಯುತ್ತಾನೆ. ಬೆಳಗ್ಗೆ 8ಕ್ಕೆ ಬರುತ್ತಾನೆ, 9.20ಕ್ಕೆ ಬಲೂನ್. ಕಡತದಲ್ಲಿ 80 ನಿಮಿಷ, ಭೇಷ್! ನಾಳ ಮುಚ್ಚಿದ್ದು ಮಾತ್ರ 440 ನಿಮಿಷ. ಇಸಿಜಿಯಲ್ಲಿ ಆಗಲೇ ಕ್ಯೂ ಅಲೆ (ಸ್ನಾಯು ಸತ್ತ ಗುರುತು) ಮೂಡಿರುತ್ತದೆ.

ಇದು ಬರೀ ಊಹೆಯಲ್ಲ. 2020ರ ಆರಂಭದಲ್ಲಿ ಹಾಂಗ್‌ಕಾಂಗ್‌ನ ಒಂದು ವರದಿಯಲ್ಲಿ, ನೋವು ಶುರುವಾಗಿ ವೈದ್ಯರನ್ನು ಕಾಣುವವರೆಗಿನ ಮಧ್ಯಾಂಕ ಸಮಯ ಸುಮಾರು 82 ನಿಮಿಷದಿಂದ 318ಕ್ಕೆ ಏರಿತ್ತು. ರೋಗಿಗಳು ಏಳೇ ಜನ, ಹಾಗಾಗಿ ಸಂಖ್ಯೆಗಿಂತ ದಿಕ್ಕನ್ನು ನೆನಪಿಡಿ. ಬಾಗಿಲೊಳಗೂ ತಡವಾಯಿತು (ಪಿಪಿಇ ತೊಡುವುದು, ಸೋಂಕಿನ ವಿಚಾರಣೆ, ಬಲೂನ್ ಹಾಕುವ ಕೊಠಡಿ ಕ್ಯಾತ್‌ಲ್ಯಾಬ್‌ನ ಸ್ವಚ್ಛತೆ), ಆದರೆ ಹೆಚ್ಚು ಹೊತ್ತು ಕಳೆದದ್ದು ಹೊರಗೇ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಅದೇ ಬಲೂನ್ ಚಿಕಿತ್ಸೆ) ಆಗದು ಎನ್ನಿಸಿದರೆ ಹೆಪ್ಪು ಕರಗಿಸುವ ಔಷಧ ಕೊಡುವುದು ನಿಯಮ. ಸೋಂಕಿನ ಕಾಲದಲ್ಲಿ ಚೀನಾದ ವೈದ್ಯರು ಇದಕ್ಕೇ ಮೊದಲ ಮಣೆ ಹಾಕಿದರು. ಇಕ್ಕಟ್ಟು ಇರುವುದೂ ಇಲ್ಲೇ: ಈ ಔಷಧ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎರಡು-ಮೂರು ಗಂಟೆಗಳಲ್ಲಿ. ಹೆಪ್ಪು ಹಳತಾದಷ್ಟೂ ಕರಗುವುದು ಕಷ್ಟ. ತಡವಾಗಿ ಬಂದವರಿಗೆ ಆ ದಾರಿಯೂ ಅರ್ಧ ಮುಚ್ಚಿರುತ್ತದೆ.

ಪರೀಕ್ಷೆಯಲ್ಲಿ ಎಡವುವ ಜಾಗ ಇನ್ನೊಂದಿದೆ. 2020ರ ಮಾರ್ಚ್‌ನ ಒಂದು ವಾರ ಇಟಲಿಯ 54 ಆಸ್ಪತ್ರೆಗಳಲ್ಲಿ ಹೃದಯಾಘಾತದ ದಾಖಲಾತಿ ಹಿಂದಿನ ವರ್ಷಕ್ಕಿಂತ ಸುಮಾರು ಅರ್ಧಕ್ಕಿಳಿಯಿತು. ಹೃದಯಾಘಾತವೇ ಕಡಿಮೆಯಾಯಿತೆಂದು ಬರೆದುಬಿಡಬೇಡಿ. ಅಲ್ಲಿ ಸ್ಟೆಮಿ (ನಾಳ ಪೂರ್ತಿ ಮುಚ್ಚಿದಾಗಿನ ಹೃದಯಾಘಾತ) ರೋಗಿಗಳ ಸಾವಿನ ಪ್ರಮಾಣ ಶೇ. 4.1ರಿಂದ 13.7ಕ್ಕೆ ಏರಿತ್ತು. ಇಟಲಿಯದೇ ಲೊಂಬಾರ್ಡಿ ಪ್ರಾಂತ್ಯದಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತ ಪ್ರಕರಣಗಳು ಶೇ. 58 ಹೆಚ್ಚಿದವು, ಅದರಲ್ಲಿ ಕೋವಿಡ್‌ನದೇ ಪಾಲೂ ಇತ್ತು, ಅದನ್ನು ಬಿಡದೆ ಬರೆಯಿರಿ.

ತಡವಾಗಿ ಬಂದ ರೋಗಿಯ ಎದೆಗೆ ಸ್ಟೆತೊಸ್ಕೋಪ್ ಇಟ್ಟಾಗ ಹೊಸ ಮರ್ಮರ (ಅಸಹಜ ಸದ್ದು) ಕೇಳಿದರೆ, ಹೃದಯದ ನಡುಗೋಡೆ ತೂತಾಗಿದೆಯೋ ಕವಾಟವನ್ನು ಹಿಡಿದಿಡುವ ಪ್ಯಾಪಿಲರಿ ಸ್ನಾಯು ಹರಿದಿದೆಯೋ ಎಂದು ಕೂಡಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು.