ಸೈಕಲ್ಲಿಗೆ ಎಂಜಿನ್ ಕಟ್ಟಿದ ಊರು

1946ರ ಜಪಾನ್. ಯುದ್ಧದಲ್ಲಿ ಸೋತ ದೇಶ. ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ, ಪೆಟ್ರೋಲ್ ರೇಷನ್ನಿನಲ್ಲಿ ಮಾತ್ರ. ಅಕ್ಕಿ, ತರಕಾರಿಗೆ ಹಳ್ಳಿ ಸುತ್ತುವವರಿಗೆ ಸೈಕಲ್ಲೇ ಗತಿ. ಹಮಾಮಾತ್ಸು ಊರಿನ ಸೋಯಿಚಿರೊ ಹೋಂಡಾ ಕಣ್ಣಿಗೆ ಆಗ ಬಿದ್ದದ್ದು ಸೇನೆಯ ಒಂದು ಪುಟ್ಟ ಎಂಜಿನ್. ವೈರ್‌ಲೆಸ್ ಸೆಟ್ಟಿನ ಜನರೇಟರಿನದು. ಯುದ್ಧ ಮುಗಿದ ಮೇಲೆ ಅದು ಯಾರಿಗೆ ಬೇಕು?

ಹೋಂಡಾ ಅದನ್ನು ಸೈಕಲ್ಲಿಗೆ ಕೂರಿಸಿದರು. ಟ್ಯಾಂಕ್ ಯಾವುದು ಗೊತ್ತಾ? ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬಿಸುವ ತಗಡಿನ ಡಬ್ಬಿ! ಮೊದಲು ಎಂಜಿನ್ ಹ್ಯಾಂಡಲಿನ ಮುಂದಿತ್ತು. ಒಂದು ರಬ್ಬರ್ ರೋಲರ್ ಮುಂದಿನ ಟೈರಿಗೆ ಒತ್ತಿಕೊಂಡು ಚಕ್ರ ತಿರುಗಿಸುತ್ತಿತ್ತು. ಆ ಕಾಲದ ಟೈರು ಅದನ್ನು ತಡೆಯಲಿಲ್ಲ, ಸವೆದೇ ಹೋಯಿತು. ಆಮೇಲೆ ಬೆಲ್ಟ್ ಹಾಕಿ ಹಿಂದಿನ ಚಕ್ರ ಓಡಿಸಿದರು. ಹೋಂಡಾ ಅವರ ಹೆಂಡತಿ ಸಾಚಿಯೂ ಅದನ್ನು ಓಡಿಸಿ ನೋಡಿದ್ದರು.

ಸಿಕ್ಕಿದ್ದ ಸುಮಾರು 500 ಎಂಜಿನ್ನೂ ಖರ್ಚಾದವು. ದಾರಿ ಕವಲೊಡೆದದ್ದು ಇಲ್ಲೇ ಅನ್ನಿಸುತ್ತದೆ. ಬೇರೆಯವರ ಎಂಜಿನ್ ತಂದು ಸೈಕಲ್ಲಿಗೆ ಕಟ್ಟಿ ಮಾರುವುದು ಸಣ್ಣ ವರ್ಕ್‌ಶಾಪ್‌ಗೂ ಆಗುವ ಕೆಲಸ, ಎಂಜಿನ್ನನ್ನೇ ಮಾಡುವುದು ಹಾಗಲ್ಲ. ಹೋಂಡಾ 1947ರಲ್ಲಿ ಸ್ವಂತ ಎಂಜಿನ್ ತಂದರು.

ಅದೇ ಊರಿನ ಸುಜುಕಿ ಮಗ್ಗದ ಯಂತ್ರ ಮಾಡುತ್ತಿದ್ದ ಕಂಪನಿ. 1952ರಲ್ಲಿ ಅದು ಪವರ್ ಫ್ರೀ ಎಂಬ 36 ಸಿಸಿ ಎಂಜಿನ್ನಿನ ಸೈಕಲ್ ತಂದಿತು. ಬರೀ ಪೆಡಲ್ ತುಳಿಯಬಹುದು, ಬರೀ ಎಂಜಿನ್ನಲ್ಲಿ ಹೋಗಬಹುದು, ಎರಡನ್ನೂ ಸೇರಿಸಲೂಬಹುದು. ಏರು ಬಂದಾಗ ಪೆಡಲ್ ತುಳಿದು ಎಂಜಿನ್ನಿಗೆ ಕೈಜೋಡಿಸುವ ಕಷ್ಟ ನಮ್ಮಲ್ಲಿ ಲೂನಾ ಓಡಿಸಿದವರಿಗೆ ಚೆನ್ನಾಗಿ ಗೊತ್ತು, ಅಲ್ವಾ?

ಎಂಜಿನ್ ಇದ್ದರೆ ಸಾಲದು, ಮಾರುವವರೂ ಬೇಕಲ್ಲ. ಹೋಂಡಾ ಪಾಲುದಾರ ತಕೆಯೊ ಫುಜಿಸಾವಾ ದೇಶದ ಸುಮಾರು 50,000 ಸೈಕಲ್ ಅಂಗಡಿಗಳಿಗೆ ಪತ್ರ ಬರೆದರು. ಮಾರಾಟಕ್ಕಿದ್ದದ್ದು 1952ರ ಕಬ್: ಬಿಳಿ ಟ್ಯಾಂಕ್, ಕೆಂಪು ಎಂಜಿನ್, ಹಿಂದಿನ ಚಕ್ರದ ಪಕ್ಕಕ್ಕೆ ಕಟ್ಟುವಂಥದ್ದು. ಪಂಕ್ಚರ್ ಹಾಕುವವರೇ ಡೀಲರ್‌ಗಳಾದರು. ನನಗೆ ಕೇಳಿದರೆ ಎಂಜಿನ್ನಿಗಿಂತ ಇದೇ ಜಾಸ್ತಿ ಜಾಣತನ.

1950ರ ದಶಕದಲ್ಲಿ ಜಪಾನಿನಲ್ಲಿ ಸುಮಾರು ಇನ್ನೂರು ಮೋಟಾರ್‌ಸೈಕಲ್ ತಯಾರಕರಿದ್ದರು. ಹೆಚ್ಚಿನವರ ಹೆಸರೂ ಈಗ ಯಾರಿಗೂ ನೆನಪಿಲ್ಲ. ಕೊನೆಗೆ ದೊಡ್ಡದಾಗಿ ಉಳಿದದ್ದು ನಾಲ್ಕು. ಹೋಂಡಾ, ಸುಜುಕಿ, ಯಮಹಾ ಹಮಾಮಾತ್ಸು ಕಡೆಯವೇ. ನಾಲ್ಕನೆಯದು ಕವಾಸಾಕಿ, ಅದು ಹಡಗು, ವಿಮಾನ ಕಟ್ಟುತ್ತಿದ್ದ ದೊಡ್ಡ ಕುಳ.