ಬೆರಳಿಟ್ಟು ತೋರಿಸುವಂಥ ಎದೆನೋವು

ಎಡ ಎದೆಯಲ್ಲಿ ಚುಳ್ ಎಂದರೆ ಸಾಕು, ಕೈಕಾಲು ತಣ್ಣಗಾಗುತ್ತದೆ. ಹಾರ್ಟ್ ಅಟ್ಯಾಕ್ ಇರಬಹುದಾ? ಆ ಭಯ ತಪ್ಪಲ್ಲ. ಆದರೆ ಹೃದಯದ ಸುತ್ತ ಒಂದು ಗೂಡೂ ಇದೆ ಅಲ್ವಾ? ನೋವು ಆ ಗೂಡಿನದ್ದೂ ಆಗಿರಬಹುದು.

ನಮಗಿರುವುದು 12 ಜೊತೆ ಪಕ್ಕೆಲುಬು. ಮೇಲಿನ 7 ಜೊತೆ ಮುಂದಕ್ಕೆ ಬಂದು ಎದೆಮೂಳೆಗೆ ಸೇರುತ್ತವೆ. ನಡುವೆ ಬಾಗುವಂಥ ಮೃದ್ವಸ್ಥಿ ಇದೆ. ಕಿವಿಯನ್ನು ಮಡಚಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದಲ್ಲ, ಅದರೊಳಗಿರುವುದೂ ಇದರದ್ದೇ ಇನ್ನೊಂದು ಬಗೆ. ಉಸಿರೆಳೆದಾಗ ಎದೆ ಹಿಗ್ಗಲು ಇದು ಬೇಕೇ ಬೇಕು. ಈ ಮೃದ್ವಸ್ಥಿ ಕೂಡುವ ಜಾಗದಲ್ಲಿ ಉರಿಯೂತವಾದರೆ ಅದಕ್ಕೆ ಕಾಸ್ಟೋಕಾಂಡ್ರೈಟಿಸ್ ಎನ್ನುತ್ತಾರೆ. ಮೊಣಕಾಲು ನೋವಾದರೆ ಕಾಲು ಚಾಚಿ ಕೂರಬಹುದು. ದಿನಕ್ಕೆ ಸುಮಾರು 20,000 ಸಲ ನಡೆಯುವ ಉಸಿರಾಟಕ್ಕೆ ರಜೆ ಕೊಡುವುದು ಹೇಗೆ? ಹಾಗಾಗಿಯೇ ಇದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಕಾಡುತ್ತದೆ.

ಬಿಡದ ಕೆಮ್ಮು, ಭಾರ ಎತ್ತಿದ್ದು, ಎದೆಗೆ ಬಿದ್ದ ಪೆಟ್ಟು ಕಾರಣವಾಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ.

ನೋವು ಹೆಚ್ಚಾಗಿ 2ರಿಂದ 5ನೇ ಪಕ್ಕೆಲುಬಿನ ಬಳಿ, ಎಡಗಡೆಯೇ ಜಾಸ್ತಿ. ದೀರ್ಘವಾಗಿ ಉಸಿರೆಳೆದರೆ, ಸೀನಿದರೆ, ಮಲಗಿದಲ್ಲೇ ಮಗ್ಗುಲು ಬದಲಿಸಿದರೆ ಚುಚ್ಚುತ್ತದೆ. ಎದೆಮೂಳೆಯ ಅಂಚಿನಲ್ಲಿ ಬೆರಳಿನಿಂದ ಒತ್ತುತ್ತಾ ಹೋದರೆ ಒಂದು ಕಡೆ 'ಹಾ, ಇಲ್ಲೇ' ಎನ್ನುವಂತಾಗುತ್ತದೆ. ಹೃದಯದ ನೋವನ್ನು ಹೀಗೆ ಬೆರಳಿಟ್ಟು ತೋರಿಸುವುದು ಕಷ್ಟ. ಜನ ಇಡೀ ಅಂಗೈ ಎದೆಗೊತ್ತಿ ತೋರಿಸುತ್ತಾರೆ. ಒತ್ತಿದಲ್ಲಿ ಊತವೂ ಇದ್ದರೆ ಅದು ಟೀಟ್ಸೆ ಸಿಂಡ್ರೋಮ್ ಇರಬಹುದು. ಜರ್ಮನಿಯ ಶಸ್ತ್ರವೈದ್ಯ ಅಲೆಕ್ಸಾಂಡರ್ ಟೀಟ್ಸೆ 1921ರಲ್ಲಿ ಅದನ್ನು ವಿವರಿಸಿದರು.

ಆದರೆ ದಯವಿಟ್ಟು ಒತ್ತಿ ನೋಡಿ ನೀವೇ ತೀರ್ಮಾನಿಸಬೇಡಿ. ಒತ್ತಿದರೆ ನೋಯುವವರಲ್ಲೂ ಒಮ್ಮೊಮ್ಮೆ ಹೃದಯದ ತೊಂದರೆ ಇರುತ್ತದೆ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು, ಏದುಸಿರು, ತಲೆಸುತ್ತು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇಸಿಜಿ, ಎಕ್ಸ್‌ರೇ ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಈ ಉರಿಯೂತ ಅವುಗಳಲ್ಲಿ ಕಾಣುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂದಾಗ 'ಸುಮ್ನೆ ಭ್ರಮೆ' ಎಂದು ಮನೆಯವರು ಹೇಳಿಬಿಡುತ್ತಾರೆ. ನೋಯುತ್ತಿರುವವರಿಗೆ ಆ ಮಾತು ಎಷ್ಟು ನೋವು ಕೊಡುತ್ತದೆ! ನೋವು ನಿಜವೇ. ಬಿಸಿ ಶಾಖ, ವೈದ್ಯರು ಹೇಳಿದ ನೋವಿನ ಮಾತ್ರೆ, ಕೆಲವು ದಿನ ಭಾರ ಎತ್ತದೇ ಇರುವುದು, ಆಮೇಲೆ ಎದೆಯನ್ನು ಮೆಲ್ಲಗೆ ಹಿಗ್ಗಿಸುವ ವ್ಯಾಯಾಮ. ಬಹುಪಾಲು ಜನರಿಗೆ ಇಷ್ಟರಲ್ಲೇ ನಿಧಾನವಾಗಿ ವಾಸಿಯಾಗುತ್ತದೆ.